ನೋಡುವವರಿಲ್ಲದೆ ಜಗತ್ತಿಲ್ಲವೆಂದು ಕ್ವಾಂಟಂ ಭೌತವಿಜ್ಞಾನ ಸಾಧಿಸಿದೆಯೇ?

ಪ್ರಶ್ನೆ – ನಿವೃತ್ತ ಶಿಕ್ಷಕ, ಧಾರವಾಡ

ನಮ್ಮ ಬಡಾವಣೆಯಲ್ಲಿ ಈಚೆಗೆ ಮಾಂಡೂಕ್ಯ ಉಪನಿಷತ್ತಿನ ಪ್ರವಚನ ನಡೆಯಿತು. ಪ್ರವಚನಕಾರರು ನಿಜವಾದ ವಿದ್ವಾಂಸರು. ಅವರ ಶಾಸ್ತ್ರಜ್ಞಾನದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಕೊನೆಯ ದಿನ ಅವರು, ನೋಡುವವನಿಲ್ಲದಿದ್ದರೆ ಜಗತ್ತೇ ಇಲ್ಲವೆಂಬ ಮಾತನ್ನು ಕ್ವಾಂಟಂ ವಿಜ್ಞಾನಿಗಳು ಪ್ರಯೋಗದಿಂದಲೇ ಸಾಧಿಸಿದ್ದಾರೆ, ಶ್ರೋಡಿಂಗರ್ ತನ್ನ ಸಮೀಕರಣವನ್ನು ವೇದಾಂತದಿಂದಲೇ ಪಡೆದ ಎಂದು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನಾದರೂ ನನ್ನ ಭೌತವಿಜ್ಞಾನ ಬೋರ್ ಪರಮಾಣುವಿನ ಹತ್ತಿರವೇ ನಿಂತುಹೋಗಿದೆ. ನಾನು ಆಸ್ತಿಕ, ನಿತ್ಯ ಪೂಜೆ ಮಾಡುವವನು. ಆದ್ದರಿಂದಲೇ ಕೇಳುತ್ತಿದ್ದೇನೆ: ಈ ಎರಡು ಮಾತುಗಳು ಎಷ್ಟರಮಟ್ಟಿಗೆ ನಿಜ? ನಿಜವಲ್ಲದಿದ್ದರೆ, ಶ್ರದ್ಧೆಗೂ ಈ ವಿಜ್ಞಾನಕ್ಕೂ ಯಾವ ಸಂಬಂಧವೂ ಇಲ್ಲವೆಂದು ತಿಳಿಯಬೇಕೇ?

ಉತ್ತರ – ಭೌತವಿಜ್ಞಾನ ಉಪನ್ಯಾಸಕಿ, ಶಿವಮೊಗ್ಗ

ಸರ್, ಮೊದಲನೆಯ ಮಾತು ಹುಟ್ಟಿದ್ದು ಜೋಡಿ ಸೀಳಿನ ಪ್ರಯೋಗದಿಂದ. 1989ರಲ್ಲಿ ಜಪಾನಿನ ತೊನೊಮುರಾ ಮತ್ತು ಸಂಗಡಿಗರು ಪರದೆಗೆ ತಲಪಲು ಎರಡು ದಾರಿಗಳಿರುವಂತೆ ಮಾಡಿ, ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳಿಸಿ, ಅವು ಪರದೆಯ ಮೇಲೆ ಬೀಳುವುದನ್ನು ದಾಖಲಿಸಿದರು. ಪ್ರತಿಯೊಂದೂ ಒಂದೇ ಒಂದು ಚುಕ್ಕೆಯಾಗಿ ಬೀಳುತ್ತದೆ. ಮೊದಲ ಹತ್ತಾರು ಚುಕ್ಕೆಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಸಾವಿರಗಟ್ಟಲೆ ಬಿದ್ದ ಮೇಲೆ ಮಾತ್ರ ಅಲೆಗಳಿಗೆ ಸಲ್ಲುವ ವ್ಯತಿಕರಣ ಪಟ್ಟಿಗಳು, ಅಂದರೆ ಚುಕ್ಕೆಗಳು ದಟ್ಟವಾಗಿಯೂ ವಿರಳವಾಗಿಯೂ ಬಿದ್ದ ಪಟ್ಟಿಗಳ ಸಾಲು, ಮೂಡುತ್ತವೆ. ಎಲೆಕ್ಟ್ರಾನು ಯಾವ ದಾರಿಯಲ್ಲಿ ಹೋಯಿತೆಂಬ ಸುಳಿವು ಸಿಗುವಂತೆ ಮಾಡಿದರೆ ಈ ಪಟ್ಟಿಗಳು ಅಳಿಸಿಹೋಗುತ್ತವೆ. ಇದನ್ನೇ ಹಿಡಿದು, ಮನುಷ್ಯನ ಮನಸ್ಸು ನೋಡಿದ್ದರಿಂದ ಜಗತ್ತು ಬದಲಾಯಿತು ಎಂದು ಹಲವರು ಹೇಳುತ್ತಾರೆ.

ಆದರೆ ಇಲ್ಲಿ ಮನಸ್ಸಿನ ಅಗತ್ಯ ಬೀಳುವುದಿಲ್ಲ. 2004ರಲ್ಲಿ ವಿಯೆನ್ನಾದ ಪ್ರಯೋಗಾಲಯದಲ್ಲಿ 70 ಇಂಗಾಲದ ಪರಮಾಣುಗಳಿರುವ ಅಣುಗಳನ್ನು ನಿರ್ವಾತದಲ್ಲಿ ಹಾಯಿಸಿ, ಅವುಗಳ ವ್ಯತಿಕರಣವನ್ನು ಅಳೆದರು. ದಾರಿಯಲ್ಲಿ ಲೇಸರಿನಿಂದ ಕಾಯಿಸಿದಂತೆಲ್ಲ ಆ ಅಣುಗಳು, ಕುಲುಮೆಯಲ್ಲಿ ಕಾದ ಕಬ್ಬಿಣದ ಹಾಗೆ, ತಾವೇ ಬೆಳಕಿನ ಕಣಗಳನ್ನು ಚೆಲ್ಲತೊಡಗಿದವು. ಉಷ್ಣತೆ 1000 ಕೆಲ್ವಿನ್‌ಗಿಂತ ಕಡಿಮೆ ಇರುವಾಗ ಚೆನ್ನಾಗಿದ್ದ ವ್ಯತಿಕರಣ 3000 ಕೆಲ್ವಿನ್ ಹತ್ತಿರ ಬರುವಷ್ಟರಲ್ಲಿ ಅಳಿದುಹೋಗಿತ್ತು. ಆ ಬೆಳಕನ್ನು ಯಾರೂ ನೋಡಲಿಲ್ಲ, ಹಿಡಿದಿಡಲಿಲ್ಲ. ಅದು ಎಲ್ಲೋ ಚದುರಿಹೋಯಿತು. ಅಣು ಎಲ್ಲಿತ್ತೆಂಬ ಗುರುತು ಪರಿಸರಕ್ಕೆ ಸೋರಿದ್ದೇ ಸಾಕಾಯಿತು. ಇದನ್ನು ಡಿಕೊಹೆರೆನ್ಸ್ ಎನ್ನುತ್ತಾರೆ. ಅಳತೆಯನ್ನು ಮುಗಿಸುವುದು ಚೇತನವೇ ಎಂಬ ವಾದವನ್ನು 1961ರಲ್ಲಿ ಗಟ್ಟಿಯಾಗಿ ಮುಂದಿಟ್ಟವರು ನೊಬೆಲ್ ಪುರಸ್ಕೃತ ಯೂಜೀನ್ ವಿಗ್ನರ್. ವಿಯೆನ್ನಾ ಪ್ರಯೋಗಕ್ಕೂ ಮೊದಲೇ ಡಿಕೊಹೆರೆನ್ಸ್ ಬಗ್ಗೆ ನಡೆದಿದ್ದ ಕೆಲಸವನ್ನು ನೋಡಿದ ಮೇಲೆ ಅವರೇ ಆ ವಾದವನ್ನು ಕೈಬಿಟ್ಟರು. ಪ್ರವಚನಗಳಲ್ಲಿ ಮೊದಲಿನ ವಿಗ್ನರ್ ಮಾತ್ರ ಬರುತ್ತಾರೆ.

ಇಷ್ಟು ಹೇಳಿದ ಮೇಲೂ ಒಂದು ಗಂಟು ಬಿಚ್ಚದೆ ಉಳಿಯುತ್ತದೆ. ಸಾಧ್ಯವಿರುವ ಹಲವು ಫಲಿತಾಂಶಗಳಲ್ಲಿ ಇದೊಂದೇ ಏಕೆ ಸಂಭವಿಸಿತು ಎಂಬುದಕ್ಕೆ ಡಿಕೊಹೆರೆನ್ಸ್ ಉತ್ತರ ಕೊಡುವುದಿಲ್ಲ. ಭೌತವಿಜ್ಞಾನಿ ಬೋಮ್ 1952ರಲ್ಲಿ ಒಂದು ಉತ್ತರ ಕೊಟ್ಟರು, ಎವರೆಟ್ 1957ರಲ್ಲಿ ಮತ್ತೊಂದನ್ನು ಕೊಟ್ಟರು. ಇವೆರಡರಲ್ಲೂ ನೋಡುವವನಿಗೆ ವಿಶೇಷ ಪಾತ್ರವಿಲ್ಲ. ಯಾವುದು ಸರಿಯೆಂದು ಭೌತವಿಜ್ಞಾನಿಗಳಲ್ಲಿ ಒಮ್ಮತವಿಲ್ಲದಿರುವಾಗ, ವಿಜ್ಞಾನ ಸಾಧಿಸಿದೆ ಎನ್ನುವುದು ಸಲ್ಲದ ಮಾತು.

ಉತ್ತರ – ವೇದಾಂತ ವಿದ್ಯಾರ್ಥಿ, ಮೈಸೂರು

ಉಪನ್ಯಾಸಕಿಯವರು ಹೇಳಿದ್ದಕ್ಕೆ ಶಾಸ್ತ್ರದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನೋಡುವ ಮನಸ್ಸಿನ ಹೊರಗೆ ವಸ್ತುವೇ ಇಲ್ಲವೆಂಬುದು ವಿಜ್ಞಾನವಾದಿ ಬೌದ್ಧರ ಪಕ್ಷ (ಇಲ್ಲಿ ವಿಜ್ಞಾನವೆಂದರೆ ಸೈನ್ಸ್ ಅಲ್ಲ, ಅರಿವು). ಅದನ್ನು ಶಂಕರರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಖಂಡಿಸಿದ್ದಾರೆ: ಕಂಬ, ಗೋಡೆ, ಗಡಿಗೆ, ಬಟ್ಟೆ ಎಂದು ಹೊರಗಿನ ವಸ್ತು ಪ್ರತಿಯೊಂದು ಅರಿವಿನಲ್ಲೂ ತೋರುತ್ತಿರುವಾಗ ಅದು ಇಲ್ಲವೆನ್ನುವುದು ಹೇಗೆ ಎಂಬುದು ಅವರ ಆಕ್ಷೇಪ. ಜಗತ್ತು ಮಿಥ್ಯೆ ಎಂದು ಅವರು ಹೇಳುವುದು ಬ್ರಹ್ಮದೃಷ್ಟಿಯಿಂದ. ನಾನು ಕಣ್ಣು ಮುಚ್ಚಿದರೆ ಗಡಿಗೆ ಮಾಯವಾಗುತ್ತದೆ ಎಂಬ ಅರ್ಥದಲ್ಲಿ ಅಲ್ಲ. ಅಂದರೆ ಆಚಾರ್ಯರು ನಿರಾಕರಿಸಿದ ಪಕ್ಷವನ್ನೇ ಅವರ ಸಿದ್ಧಾಂತವೆಂದು ಸಾರಿ, ಅದಕ್ಕೆ ಎಲೆಕ್ಟ್ರಾನಿನ ಸಾಕ್ಷ್ಯ ತರುತ್ತಿದ್ದೇವೆ.

ಇನ್ನೂ ಒಂದು ತೊಡಕಿದೆ. ಕ್ವಾಂಟಂ ವಿಜ್ಞಾನ ವೇದಾಂತವನ್ನು ಎತ್ತಿಹಿಡಿಯುತ್ತದೆ ಎನ್ನುವವರು ಯಾವ ವೇದಾಂತವನ್ನು ಎಂದು ಹೇಳುವುದೇ ಇಲ್ಲ. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಜಗತ್ತು ಸತ್ಯ, ದೇವರು, ಜೀವ, ಜಡಗಳ ನಡುವಣ ಪಂಚಭೇದಗಳೂ ಸತ್ಯ. ಒಂದೇ ಪ್ರಯೋಗವು ಅದ್ವೈತವನ್ನು ಗೆಲ್ಲಿಸಿ ದ್ವೈತವನ್ನು ಸೋಲಿಸುವುದಾದರೆ, ಶತಮಾನಗಳಿಂದ ನಡೆದ ವಾದಗ್ರಂಥಗಳೆಲ್ಲ ವಿಯೆನ್ನಾದ ತೀರ್ಪಿಗೆ ಕಾದಿದ್ದವು ಎಂದಾಗುತ್ತದೆ! ಪರಂಪರೆಗೆ ಇದು ಗೌರವವೆಂದು ನನಗೆ ತೋರುವುದಿಲ್ಲ. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದೆಂದು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಶಂಕರರು ಬರೆದಿದ್ದಾರೆ. ಪ್ರತ್ಯಕ್ಷದ ಕ್ಷೇತ್ರ ಪ್ರತ್ಯಕ್ಷಕ್ಕೆ, ಶ್ರುತಿಯ ಕ್ಷೇತ್ರ ಶ್ರುತಿಗೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ಪ್ರತಿಕ್ರಿಯೆ – ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಶ್ರೋಡಿಂಗರ್ ವಿಷಯ ಹಾಗೆಯೇ ಉಳಿಯಿತು. ಅವರು ಉಪನಿಷತ್ತುಗಳನ್ನು ಮೆಚ್ಚಿದ್ದರೆಂಬುದಂತೂ ಸುಳ್ಳಲ್ಲವಷ್ಟೆ?

ಉತ್ತರ – ಭೌತವಿಜ್ಞಾನ ಉಪನ್ಯಾಸಕಿ, ಶಿವಮೊಗ್ಗ

ಮೆಚ್ಚಿದ್ದರು, ಬರಿಯ ಬಾಯಿಮಾತಿಗಲ್ಲ. 1925ರಲ್ಲಿ, ಸಮೀಕರಣಕ್ಕೆ ಕೆಲವೇ ತಿಂಗಳು ಮೊದಲು, ವೇದಾಂತದ ಏಕತ್ವವನ್ನು ಒಪ್ಪಿ ಒಂದು ಪ್ರಬಂಧ ಬರೆದರು. 1944ರಲ್ಲಿ ಜೀವದ ಸ್ವರೂಪದ ಬಗ್ಗೆ ಬರೆದ ಪುಸ್ತಕದ ಕೊನೆಯಲ್ಲೂ ಆತ್ಮ ಬ್ರಹ್ಮಗಳ ಐಕ್ಯವನ್ನು ಎತ್ತಿದರು. ಆದರೆ ಸಮೀಕರಣದ ಹಿಂದೆ ಇದ್ದದ್ದು 1924ರಲ್ಲಿ ದ ಬ್ರಾಯ್ ಮಂಡಿಸಿದ ದ್ರವ್ಯದ ಅಲೆಗಳ ಕಲ್ಪನೆ ಮತ್ತು ಅಲೆಗಳ ಗಣಿತ. ವಿಚಿತ್ರವೆಂದರೆ, ನೋಡಿದ ಮೇಲೆಯೇ ವಾಸ್ತವ ನಿಶ್ಚಿತವಾಗುತ್ತದೆ ಎಂಬ ವ್ಯಾಖ್ಯಾನ ಈ ವೇದಾಂತಪ್ರಿಯನಿಗೆ ಹಿಡಿಸಲಿಲ್ಲ. ಪೆಟ್ಟಿಗೆ ತೆರೆಯುವವರೆಗೆ ಬದುಕಿಯೂ ಸತ್ತೂ ಇರುವ ಆ ಪ್ರಸಿದ್ಧ ಬೆಕ್ಕನ್ನು 1935ರಲ್ಲಿ ಅವರು ಕಲ್ಪಿಸಿದ್ದು ಅಂಥ ಮಾತು ಎಷ್ಟು ಅಸಂಗತವೆಂದು ತೋರಿಸಲು.

ಉತ್ತರ – ದೈವಶಾಸ್ತ್ರ ಓದುತ್ತಿರುವವರು, ಮಂಗಳೂರು

ಈ ಆಸೆ ಹಿಂದೂ ಪ್ರವಚನಕಾರರಿಗಷ್ಟೇ ಸೇರಿದ್ದಲ್ಲ. ನಮ್ಮ ಕ್ರೈಸ್ತರಲ್ಲೂ ಇದೆ. ಮಹಾಸ್ಫೋಟದ ಸಿದ್ಧಾಂತಕ್ಕೆ ತಳಹದಿ ಹಾಕಿದ ಜಾರ್ಜ್ ಲೆಮೆತ್ರ್ ಸ್ವತಃ ಕಥೋಲಿಕ ಪಾದ್ರಿ. 1951ರ ನವೆಂಬರಿನಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಆ ಸಿದ್ಧಾಂತವನ್ನು ಸೃಷ್ಟಿಕರ್ತನಿಗೆ ಪುರಾವೆಯೆಂಬಂತೆ ಮಾತನಾಡಿದಾಗ ಲೆಮೆತ್ರ್ ಸಂತೋಷಪಡಲಿಲ್ಲ, ಕಸಿವಿಸಿಗೊಂಡರು. ನಾಳೆ ಸಿದ್ಧಾಂತ ಬದಲಾದರೆ ದೇವರನ್ನೂ ಬದಲಾಯಿಸಬೇಕೇ? ಕ್ವಾಂಟಂ ವಿಷಯದಲ್ಲೂ ಹೀಗೆಯೇ ಆಯಿತು. ಭೌತವಿಜ್ಞಾನಿಯೂ ಪಾದ್ರಿಯೂ ಆಗಿದ್ದ ವಿಲಿಯಂ ಪೊಲಾರ್ಡ್, ಪರಮಾಣುಗಳ ಅನಿಶ್ಚಿತತೆಯೊಳಗೆ ದೇವರ ಕೈ ಆಡುತ್ತದೆ ಎಂದು 1958ರಲ್ಲಿ ವಾದಿಸಿದರು. ಕೇಂಬ್ರಿಜ್‌ನ ಪ್ರಾಧ್ಯಾಪಕ ಹುದ್ದೆ ಬಿಟ್ಟು 1982ರಲ್ಲಿ ಪಾದ್ರಿಯಾದ ಜಾನ್ ಪೋಕಿಂಗ್‌ಹಾರ್ನ್ ಅದಕ್ಕೆ ಒಲಿಯಲಿಲ್ಲ: ಆ ಅನಿಶ್ಚಿತತೆ ತಲೆದೋರುವುದು ಅಳತೆಯ ಸಂದರ್ಭಗಳಲ್ಲಿ ಮಾತ್ರವಾದ್ದರಿಂದ, ದೇವರು ಆಗೊಮ್ಮೆ ಈಗೊಮ್ಮೆ ಬಂದುಹೋಗುವವನಾಗುತ್ತಾನೆ ಎಂಬುದು ಅವರ ಅಡ್ಡಿ. ನನಗೂ ಆ ಅಡ್ಡಿ ಸರಿಯೆನಿಸುತ್ತದೆ.

ಉತ್ತರ – ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಹಾಗಾದರೆ ಸಂಬಂಧವೇ ಇಲ್ಲವೆಂದು ನೇರವಾಗಿ ಹೇಳಿಬಿಡಬಹುದಲ್ಲ? ಕ್ವಾಂಟಂ ಧ್ಯಾನ, ಕ್ವಾಂಟಂ ಚಿಕಿತ್ಸೆ ಎಂದು ಹಣ ಸುಲಿಯುವವರಿಗೆ ಈ ನಯವಾದ ಚರ್ಚೆಗಳೇ ದಾರಿ ಮಾಡಿಕೊಡುತ್ತವೆ.

ಉತ್ತರ – ಭೌತವಿಜ್ಞಾನ ಉಪನ್ಯಾಸಕಿ, ಶಿವಮೊಗ್ಗ

ಸುಲಿಗೆಯ ವಿಷಯದಲ್ಲಿ ನಿಮ್ಮ ಸಿಟ್ಟು ಸರಿ. ಆದರೂ ಸಂಬಂಧವೇ ಇಲ್ಲವೆನ್ನಲಾರೆ. 1930ರ ಜುಲೈ 14ರಂದು ಬರ್ಲಿನ್ ಹತ್ತಿರದ ಕಾಪುಟ್‌ನಲ್ಲಿ ಐನ್‌ಸ್ಟೈನ್ ಮತ್ತು ರವೀಂದ್ರನಾಥ ಟಾಗೋರ್ ಇದೇ ವಿಷಯ ಮಾತನಾಡಿದರು. ಸತ್ಯ ಮನುಷ್ಯನ ಮೂಲಕವೇ ತಿಳಿಯುವಂಥದು ಎಂದು ಟಾಗೋರ್ ಹೇಳಿದರೆ, ಮನುಷ್ಯನಿಲ್ಲದಿದ್ದರೂ ಸತ್ಯವಿದೆ ಎಂಬುದು ಐನ್‌ಸ್ಟೈನ್ ನಿಲುವು. ಅದನ್ನು ಸಾಧಿಸಿ ತೋರಿಸಲಾರೆ, ಅದು ನನ್ನ ಧರ್ಮ ಎಂದು ಅವರು ಒಪ್ಪಿದರು. ಕೊನೆಗೆ, ಹಾಗಾದರೆ ನಾನೇ ನಿಮಗಿಂತ ಹೆಚ್ಚು ಧಾರ್ಮಿಕ ಎಂದೂ ಹೇಳಿದರು.

ಆ ನಂಬಿಕೆಯ ಒಂದು ಭಾಗಕ್ಕೆ ಮುಂದೆ ಪೆಟ್ಟು ಬಿತ್ತು. ಕಣಗಳಿಗೆ ಅಳೆಯುವ ಮೊದಲೇ ನಿಶ್ಚಿತ ಗುಣಗಳಿವೆ, ದೂರದಲ್ಲಿ ಮಾಡುವ ಅಳತೆ ಇಲ್ಲಿ ತಟ್ಟುವುದಿಲ್ಲ ಎಂಬ ಎರಡನ್ನೂ ಒಟ್ಟಿಗೆ ಹಿಡಿದರೆ, ದೂರ ದೂರದ ಎರಡು ಕಣಗಳ ಅಳತೆಗಳ ನಡುವಿನ ಹೊಂದಾಣಿಕೆ ಒಂದು ಮಿತಿಯನ್ನು ಮೀರಬಾರದೆಂದು 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ತೋರಿಸಿದರು. ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರ ಪ್ರಯೋಗಗಳು ಆ ಮಿತಿಯನ್ನು ಮೀರಿದವು. 2022ರ ನೊಬೆಲ್ ಅವರಿಗೆ ಬಂದದ್ದು ಆ ಪ್ರಯೋಗಗಳಿಗೇ. ಎರಡರಲ್ಲಿ ಒಂದನ್ನಾದರೂ ಬಿಡಬೇಕು. ಯಾವುದನ್ನು ಎಂದು ಪ್ರಯೋಗ ಹೇಳುವುದಿಲ್ಲ. ಬೋಮ್ ಪಕ್ಷದವರು ದೂರದ ಪ್ರಭಾವವನ್ನು ಒಪ್ಪಿ ನಿಶ್ಚಿತ ಗುಣಗಳನ್ನು ಉಳಿಸಿಕೊಂಡರು, ಬೋರ್ ಮತ್ತು ಸಂಗಡಿಗರ ಕೋಪನ್‌ಹೇಗನ್ ಪಕ್ಷದವರು ನಿಶ್ಚಿತ ಗುಣಗಳನ್ನೇ ಬಿಟ್ಟರು. ಈ ಆಯ್ಕೆ ಮಾಡುವಾಗ ವಿಜ್ಞಾನಿಯ ಕೈಹಿಡಿಯುವುದು ಜಗತ್ತು ಹೇಗಿರಬೇಕೆಂಬ ಅವನ ನಂಬಿಕೆಯೇ. ಮನುಷ್ಯನಿಲ್ಲದಿದ್ದರೂ ಚಂದ್ರನಿದ್ದಾನೆ ಎಂಬ ಐನ್‌ಸ್ಟೈನ್ ನಂಬಿಕೆಯನ್ನಂತೂ ಆ ಯಾವ ಪ್ರಯೋಗವೂ ಅಲ್ಲಗಳೆದಿಲ್ಲ.