ಸಹಾಯ ಬೇಕು: ಎಲ್‌ಎನ್‌ಜಿ ಟ್ಯಾಂಕಿನ ಲೆವೆಲ್ ಸುಳ್ಳು ತೋರಿಸಿ ಪಂಪ್ ಟ್ರಿಪ್ ಆಗ್ತಾ ಐತೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಹತ್ತಿರದ ಕಾರ್ಖಾನೆಯ ಎಲ್‌ಎನ್‌ಜಿ (ತಂಪು ಮಾಡಿ ದ್ರವ ಮಾಡಿದ ನೈಸರ್ಗಿಕ ಅನಿಲ) ಸ್ಟೇಷನ್ ವಿಷಯ. ಟ್ಯಾಂಕಿನ ಲೆವೆಲ್‌ಗೆ ಒಂದೇ ಡಿಪಿ ಟ್ರಾನ್ಸ್‌ಮಿಟರ್ (ಟ್ಯಾಂಕಿನ ತಳ ಮತ್ತು ಮೇಲ್ಭಾಗದ ಒತ್ತಡದ ವ್ಯತ್ಯಾಸದಿಂದ ಲೆವೆಲ್ ಅಳೆಯೋ ಉಪಕರಣ). ಬೆಳಗ್ಗೆ ರೀಡಿಂಗ್ ಸ್ಥಿರ. ಬಿಸಿಲೇರಿದ ಮೇಲೆ ಪ್ರೆಶರ್ ಬಿಲ್ಡಪ್ ವಾಲ್ವ್ (ಸ್ವಲ್ಪ ದ್ರವ ಆವಿ ಮಾಡಿಸಿ ಟ್ಯಾಂಕಿನ ಒತ್ತಡ ಏರಿಸೋದು) ತೆಗೆದ ಕೂಡಲೇ ಟ್ರೆಂಡ್ ಗರಗಸದ ಹಲ್ಲಿನಂಗೆ ಮೇಲೆ ಕೆಳಗೆ ಹೊಡೀತದೆ, ಲೋ-ಲೋ (ಪಂಪ್ ನಿಲ್ಲಿಸೋ ತೀರಾ ಕೆಳಗಿನ ಮಿತಿ) ಮುಟ್ಟಿ ಪಂಪ್ ನಿಲ್ತದೆ.

ಟ್ಯಾಂಕಿನ ಕಡೆಯ ರೂಟ್ ವಾಲ್ವ್ ಮುಚ್ಚಿ, ಎರಡೂ ಬದಿಯ ಒತ್ತಡ ಸಮ ಮಾಡೋ ಈಕ್ವಲೈಸಿಂಗ್ ವಾಲ್ವ್ ತೆಗೆದು ನೋಡಿದ್ರೆ ಜೀರೋ ಸರಿ. ಸೋಪು ನೀರು ಹಚ್ಚಿದ್ರೆ ಎಲ್ಲೂ ಲೀಕ್ ಇಲ್ಲ. ಕರೆಂಟ್ ಸಿಮ್ಯುಲೇಟ್ ಮಾಡಿದ್ರೆ ಪಿಎಲ್‌ಸಿಯೂ (ಪ್ಲಾಂಟ್ ನಡೆಸೋ ಕಂಟ್ರೋಲ್ ಕಂಪ್ಯೂಟರ್) ಸರಿ ಓದ್ತದೆ. ಡ್ಯಾಂಪಿಂಗ್ (ರೀಡಿಂಗಿನ ಏರಿಳಿತ ನಯ ಮಾಡೋ ಸೆಟ್ಟಿಂಗ್) 5 ಸೆಕೆಂಡಿಗೆ ಏರಿಸಿದ್ರೂ ಏರಿಳಿತ ಪೂರ್ತಿ ಹೋಗಿಲ್ಲ. ಇನ್ನೂ ಏರಿಸೋದು ಬೇಡ; ನಿಜವಾಗ್ಲೂ ಲೆವೆಲ್ ಇಳಿದಾಗ ತಡವಾಗಿ ಗೊತ್ತಾದ್ರೆ ಪಂಪ್ ಒಣಗಿ ಓಡ್ತದೆ. ಟ್ರಿಪ್ ಬೈಪಾಸ್ ಮಾಡೋ ಮಾತೇ ಇಲ್ಲ.

ಟ್ಯಾಂಕಿನ ಒತ್ತಡವನ್ನ ಟ್ರಾನ್ಸ್‌ಮಿಟರ್‌ಗೆ ಮುಟ್ಟಿಸೋ ಸಣ್ಣ ಪೈಪುಗಳಲ್ಲಿ (ಇಂಪಲ್ಸ್ ಲೈನ್) ಕೆಳಗಿನದು ಟ್ಯಾಂಕಿನಿಂದ ಹೊರಬರೋ ಕಡೆ ಕಟ್ಟಿದ ಬಿಳಿ ಹಿಮ, ವಾಲ್ವ್ ತೆಗೆದಾಗ ಗೇಣುದ್ದ ಮುಂದೆ ಸರಿದು ಮತ್ತೆ ಹಿಂದಕ್ಕೆ ಹೋಗ್ತದೆ. ಮೈನಸ್ 160 ಡಿಗ್ರಿ ದ್ರವ ಕಾದ ಪೈಪಿಗೆ ನುಗ್ಗಿ ಒಮ್ಮೆಲೇ ಆವಿಯಾಗ್ತಾ ಇರಬೇಕು ಅನ್ನೋದು ನನ್ನ ಅಂದಾಜು. ಸಾಂದ್ರತೆ ಘನ ಮೀಟರಿಗೆ 450 ಕೆಜಿ ಹಿಡಿದ್ರೆ 20 ಮಿಲಿಬಾರ್ ಏರಿಳಿತಕ್ಕೇ ಲೆವೆಲ್ 45 ಸೆಂ.ಮೀ. ತಪ್ಪಾಗ್ತದೆ. ಆದ್ರೆ ಟ್ಯಾಂಕಿನ ಪ್ರೆಶರ್ ಏರಿದ್ದು ಮೇಲಿನ ಲೈನಿಗೆ ತಡವಾಗಿ ತಲುಪಿದ್ರೂ ಹಿಂಗೇ ಕಾಣಬಹುದಲ್ಲ? ಇಲ್ಲೇ ಸಿಕ್ಕಿಹಾಕಿಕೊಂಡಿರೋದು.

ಕ್ರಯೋ (ಅತಿ ತಣ್ಣನೆಯ ದ್ರವದ) ಟ್ಯಾಂಕ್ ಕೆಲಸ ಮಾಡಿದವರು ಹೇಳಿ: ಪ್ಲಾಂಟ್ ನಿಲ್ಲಿಸದೆ ಇವೆರಡರಲ್ಲಿ ಯಾವುದು ಅಂತ ಗುರುತಿಸೋದು ಹೆಂಗೆ? ಮೊದಲನೆಯದೇ ಆಗಿದ್ರೆ ಕೆಳಗಿನ ಲೈನಿನ ಅಡ್ಡ ಓಟ ಎಷ್ಟುದ್ದ, ಯಾವ ಸೈಜಿನ ಟ್ಯೂಬ್ ಇಟ್ಟಿದ್ದೀರಿ?