ಕಾರ್ಸಿಕಾದ ಪರ್ಫ್ಯೂಮ್‌ಗೆ ಹುರಿದ ಮೆಂತ್ಯದ ವಾಸನೆ ಯಾಕೆ?

ಬಿಸಿಲುಮಚ್ಚು:
ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ ದ್ವೀಪಕ್ಕೆ ಹೋಗಿದ್ದ ಗೆಳತಿ ಅಲ್ಲಿಂದ ಒಂದು ಪರ್ಫ್ಯೂಮ್ ತಂದುಕೊಟ್ಟಳು. ಡಬ್ಬಿಯ ಮೇಲೆ ಹಳದಿ ಹೂವು, ಹಿಂದೆ ನೀಲಿ ಸಮುದ್ರ. ತಣ್ಣನೆ ಗಾಳಿ, ನಿಂಬೆ, ಆ ಥರ ಏನೋ ಇರುತ್ತದೆ ಅಂದುಕೊಂಡು ಹಾಕಿಕೊಂಡರೆ ಹುರಿದ ಮೆಂತ್ಯ, ಜೇನು, ಸ್ವಲ್ಪ ಸೀದ ಸಕ್ಕರೆ! ಆಫೀಸಿನಲ್ಲಿ ಪಕ್ಕದವರು ಊಟದ ಡಬ್ಬಿಗೆ ಏನು ತಂದಿದ್ದೀಯ ಅಂತ ಕೇಳಿದರು. ಕೆಟ್ಟುಹೋಗಿದೆಯಾ? ಬೆಂಗಳೂರಿನಲ್ಲಿ ಹಾಕಿಕೊಳ್ಳೋಕೆ ಆ ಕಡೆಯದ್ದೇ ಬೇರೆ ಯಾವುದಾದರೂ ಇದ್ದರೆ ಹೇಳಿ.

ಗಂಧದಹುಚ್ಚು:
ಕೆಟ್ಟಿಲ್ಲ, ಅದರ ವಾಸನೆಯೇ ಹಾಗೆ. ಆ ಹಳದಿ ಹೂವು ಇಮ್ಮಾರ್ಟೆಲ್, ಅಂದರೆ ಹೆಲಿಕ್ರೈಸಮ್ ಇಟಾಲಿಕಮ್, ಸೇವಂತಿಗೆ ಕುಟುಂಬದ ಗಿಡ. ಒಣಗಿದರೂ ಬಣ್ಣ ಹೋಗುವುದಿಲ್ಲ. ಕಾರ್ಸಿಕಾದ ಕುರುಚಲು ಕಾಡಿಗೆ ಮಾಕಿ ಅಂತಾರೆ. ಅಲ್ಲಿ ಇದರ ಜೊತೆ ರೋಸ್ಮರಿ, ಮರ್ಟಲ್, ಲೆಂಟಿಸ್ಕ್, ಸಿಸ್ಟಸ್ ಅನ್ನೋ ಪರಿಮಳದ ಪೊದೆಗಳೆಲ್ಲ ಒತ್ತೊತ್ತಾಗಿ ಬೆಳೆಯುತ್ತವೆ. ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆ, ಬಿಸಿಲು ಜಾಸ್ತಿ, ಹಾಗಾಗಿ ಎಲೆಯ ಎಣ್ಣೆ, ಅಂಟಿನ ವಾಸನೆಯೆಲ್ಲ ಗಾಳಿಗೆ ಬರುತ್ತದೆ. ಕಣ್ಣು ಮುಚ್ಚಿದರೂ ವಾಸನೆಯಿಂದಲೇ ನನ್ನ ಊರು ಗೊತ್ತಾಗುತ್ತದೆ ಅಂತ ಅಲ್ಲೇ ಹುಟ್ಟಿದ ನೆಪೋಲಿಯನ್ ಹೇಳಿದ ಅನ್ನೋ ಕಥೆ ಹುಟ್ಟಿದ್ದೂ ಇದರಿಂದಲೇ. ಇಮ್ಮಾರ್ಟೆಲ್ ಮೇಲೆಯೇ ನಿಂತಿರುವ ಪರ್ಫ್ಯೂಮ್ ಬೇಕಾದರೆ ಆನಿಕ್ ಗುಟಾಲ್ ಅವರ ಸಾಬ್ಲ್ ಇದೆ, 1985ರದ್ದು. ಆದರೆ ನಿಮಗೆ ಅದೂ ಅಡುಗೆಮನೆ ಅನ್ನಿಸಬಹುದು.

ಸುಮ್ನೆಒಬ್ಬ:
ತಪ್ಪಿರೋದು ಡಬ್ಬಿಯ ಚಿತ್ರದಲ್ಲಿ. ಮೆಡಿಟರೇನಿಯನ್ ಅಂದರೆ ಸಮುದ್ರದ ವಾಸನೆ ಅಂತ ನಮಗೆಲ್ಲ ಅಭ್ಯಾಸ ಮಾಡಿಸಿದ್ದಾರೆ. 1996ರ ಅಕ್ವಾ ದಿ ಜಿಯೊ ಪರ್ಫ್ಯೂಮ್ ನೋಡಿ, ಇಟಲಿಯ ಪ್ಯಾಂಟೆಲೆರಿಯಾ ದ್ವೀಪದ ಹೆಸರು ಹೇಳಿಕೊಂಡು ಬಂತು. ಅದರ ನೀರು ನೀರಾದ, ಕಲ್ಲಂಗಡಿ ಥರದ ವಾಸನೆ ಕ್ಯಾಲೋನ್ ಅನ್ನೋ ಕೆಮಿಕಲ್‌ನದ್ದು, 1966ರಲ್ಲಿ ಫೈಜರ್ ಕಂಪನಿಯ ಲ್ಯಾಬಿನಲ್ಲಿ ಸಿಕ್ಕಿದ್ದು. ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಆ ನೆಲದ ಗಿಡಗಳಿಗೂ ಅದಕ್ಕೂ ಏನು ಸಂಬಂಧ?

ಬಿಸಿಲುಮಚ್ಚು:
ಅಯ್ಯೋ, ನನಗೆ ಬೇಕಾಗಿದ್ದು ಆ ಕಲ್ಲಂಗಡಿಯೇ ಇರಬೇಕು 😄

ಮೇಕೆಗಡ್ಡ:
ಅಷ್ಟು ಬೇಗ ಬಿಡಬೇಡಿ. ಸಿಸ್ಟಸ್ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ, ನನಗೆ ಇಷ್ಟವಾದದ್ದೇ ಅದು. ಅದರ ಎಲೆಯಿಂದ ಬರುವ ಕಪ್ಪು ಅಂಟು ಲ್ಯಾಬ್ಡನಮ್. ಪೊದೆಯಲ್ಲಿ ಮೇಯುವ ಮೇಕೆಗಳ ಗಡ್ಡಕ್ಕೆ ಅದು ಮೆತ್ತಿಕೊಳ್ಳುತ್ತಿತ್ತು, ಜನ ಗಡ್ಡ ಬಾಚಿ ತೆಗೆಯುತ್ತಿದ್ದರು. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೂಡ ಇದನ್ನು ಬರೆದಿದ್ದಾನೆ. ಗ್ರೀಸ್‌ನ ಕ್ರೀಟ್ ದ್ವೀಪದ ಸೀಸೆಸ್ ಊರಿನಲ್ಲಿ ಉರಿಬಿಸಿಲಲ್ಲಿ ಚರ್ಮದ ಪಟ್ಟಿ ಕಟ್ಟಿದ ಕುಂಟೆಯಿಂದ ಪೊದೆಗೆ ಬಡಿದು ಅಂಟು ತೆಗೆಯುವ ಪದ್ಧತಿ ಇದೆ. ಪರ್ಫ್ಯೂಮ್ ಉದ್ಯಮಕ್ಕೆ ಬರುವುದರಲ್ಲಿ ಬಹಳಷ್ಟು ಸ್ಪೇನಿನದ್ದು, ಅಲ್ಲಿ ಟೊಂಗೆಗಳನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ತೆಗೆಯುತ್ತಾರೆ.

ಕಾರ್ಸಿಕಾದಲ್ಲೇ ಹುಟ್ಟಿದ ಫ್ರಾಂಸ್ವಾ ಕೋಟಿ 1917ರಲ್ಲಿ ಶೀಪ್ರ್ ಅನ್ನೋ ಪರ್ಫ್ಯೂಮ್ ಮಾಡಿದ. ಮೊದಲು ಮೂಗಿಗೆ ಬರುವುದು ಬರ್ಗಮಾಟ್ ಅನ್ನೋ ನಿಂಬೆ ಜಾತಿಯ ಹಣ್ಣು, ಕೊನೆಗೆ ಉಳಿಯುವುದು ಓಕ್ ಮರದ ಕಲ್ಲುಹೂವು ಮತ್ತು ಇದೇ ಲ್ಯಾಬ್ಡನಮ್. ಅದೇ ಪರ್ಫ್ಯೂಮ್‌ಗಳ ಒಂದು ದೊಡ್ಡ ಬಗೆಯಾಗಿ ನಿಂತಿತು.

ಗಂಧದಹುಚ್ಚು:
ಬೆಂಗಳೂರಿಗೆ ನಾನಾದರೆ ಅಂಜೂರದ ಎಲೆಯ ವಾಸನೆಯದ್ದು ಹೇಳುತ್ತೇನೆ. ಎರ್ಮೆಸ್ ಕಂಪನಿಯ ಅನ್ ಜಾರ್ಡಾನ್ ಆನ್ ಮೆಡಿಟೆರಾನೆ, 2003, ಮಾಡಿದ್ದು ಜ್ಯಾನ್ ಕ್ಲೋಡ್ ಎಲ್ಲೆನಾ. ಟ್ಯುನೀಶಿಯಾದ ಒಂದು ತೋಟ ನೋಡಿ ಮಾಡಿದ್ದು. ಹಸಿರು, ಹಗುರ, ಸ್ವಲ್ಪ ಕಹಿ. ನಿಜವಾದ ಅಂಜೂರದ ಎಲೆಯ ಸಾರ ಬಿಸಿಲಿಗೆ ಚರ್ಮ ಸುಡುತ್ತದೆ ಅಂತ ನಿಷೇಧವಿದೆ, ಹಾಗಾಗಿ ಆ ವಾಸನೆಯನ್ನು ಬೇರೆ ವಸ್ತುಗಳಿಂದ ಕಟ್ಟುತ್ತಾರೆ. ಇಲ್ಲೂ ಕೆಮಿಕಲ್ಲೇ, ಸುಮ್ನೆಒಬ್ಬ ಅವರೇ!

ಬಿಸಿಲುಮಚ್ಚು, ನಿಮ್ಮ ಬಾಟಲಿ ಎಸೆಯಬೇಡಿ. ಮೈಗೆ ಬೇಡ, ಹತ್ತಿ ದುಪಟ್ಟಾಗೆ ಒಂದೇ ಸಲ ಒತ್ತಿ, ಒಂದೆರಡು ಗಂಟೆ ಬಿಡಿ. ಮೆಂತ್ಯ ಇಳಿದು ಜೇನು, ಒಣಹುಲ್ಲು ಉಳಿಯುತ್ತದೆ. ಆಗಲೂ ಸೇರದಿದ್ದರೆ ನನಗೆ ಮಾರಿ.