ಪದಚರ್ಚೆ: ಗಾಡಿ ‘ಕೂತಿದೆ’, ಗಾಡಿ ‘ಕೂರಿಸಿ’, ಗಾಡಿ ‘ತಗ್ಗಿಸಿ’, ಸ್ಟ್ರಟ್ಟಿಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಕಡೆ ಗ್ಯಾರೇಜಿನಲ್ಲಿ ‘ಗಾಡಿ ಮುಂದೆ ಕೂತಿದೆ’ ಅಂದರೆ ಏನರ್ಥ? ‘ಸರಿಯಾಗಿ ಕೂರಿಸಿ ಕೊಡಿ’ ಅಂದರೆ? ಈ ಎರಡು ಮಾತಿನ ನಡುವೆ ನಮ್ಮ ಮನೆಯವರ ಒಂದು ತಿಂಗಳು ಹೋಯಿತು. ಹಳೆಯ ಕಾರು ಇಟ್ಟುಕೊಂಡಿರುವ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಈ ಪದಗಳನ್ನು ತಪ್ಪಿಲ್ಲದೆ ಬಳಸಬೇಕೆಂಬ ಆಸೆ.

ನಡೆದದ್ದು ಹೀಗೆ. ನಮ್ಮ ಭಾವನ ಹತ್ತಿರ 1996ರ ಮರ್ಸಿಡಿಸ್ ಇ220 ಇದೆ. ಕಾರು ಬಲ್ಲವರು ಡಬ್ಲ್ಯು124 ಅನ್ನುವ ಮಾದರಿ, 1995ರಿಂದ ಪುಣೆಯ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದದ್ದು. ಕಳೆದ ವರ್ಷದಿಂದ ಹಂಪು ದಾಟಿದ ಮೇಲೆ ಅದರ ಮೂತಿ ಎರಡು ಮೂರು ಸಲ ಮೇಲೆ ಕೆಳಗೆ ತೂಗುತ್ತಿತ್ತು. ಬ್ರೇಕ್ ಒತ್ತಿದರೆ ಮುಂದಕ್ಕೆ ಮುಗ್ಗರಿಸಿದ ಹಾಗಾಗುತ್ತಿತ್ತು. ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಎರಡೂ ಶಾಕಪ್ಪಿನ (ಶಾಕ್ ಅಬ್ಸಾರ್ಬರ್) ಮೈಗೆ ಎಣ್ಣೆ ಹತ್ತಿ, ಅದರ ಮೇಲೆ ಧೂಳು ಮೆತ್ತಿ ಕರಿ ಮಡ್ಡಿ ಕಟ್ಟಿತ್ತು. ಸೀಲು ಹೋಗಿದೆ ಎಂದು ಹೇಳಲು ಅಷ್ಟು ಸಾಕು. ಭಾವ ಒಂದು ಗ್ಯಾರೇಜಿಗೆ ಫೋನ್ ಮಾಡಿ, “ಶಾಕಪ್ ಎರಡೂ ಬದಲಾಯಿಸಿ, ಮುಂದೆ ಸರಿಯಾಗಿ ಕೂರಿಸಿ ಕೊಡಿ” ಅಂದರು.

ಭಾವನ ಮನಸ್ಸಿನಲ್ಲಿದ್ದದ್ದು, ಬಾಗಿಲನ್ನು ಚೌಕಟ್ಟಿಗೆ ಕೂರಿಸುತ್ತೇವಲ್ಲ, ಹರಳನ್ನು ಉಂಗುರಕ್ಕೆ ಕೂರಿಸುತ್ತೇವಲ್ಲ, ಆ ಕೂರಿಸುವುದು. ಅಲುಗದ ಹಾಗೆ, ಅದರ ಜಾಗದಲ್ಲಿ ಅದು ಇರುವ ಹಾಗೆ. ಗ್ಯಾರೇಜಿನವರು ಕೇಳಿಸಿಕೊಂಡದ್ದು ಬೇರೆ. ಅವರಲ್ಲಿಗೆ ಬರುವ ಹುಡುಗರೆಲ್ಲ ಕಾರನ್ನು ನೆಲಕ್ಕೆ ಹತ್ತಿರ ತರಿಸಿಕೊಳ್ಳಲು ಬರುವವರು. ಅವರ ಬಾಯಲ್ಲಿ ‘ಕೂರಿಸು’ ಅಂದರೆ ಎತ್ತರ ಇಳಿಸು. ಹೊಸ ಶಾಕಪ್ಪೂ ಬಂತು, ಗಾಡಿ ಕೂತೂ ಬಂತು. ಮನೆಗೆ ಬರುವ ದಾರಿಯ ಕೊನೆಯ ಹಂಪಿನಲ್ಲಿ ಅಡಿ ಉಜ್ಜಿದ ಸದ್ದು ನಾನೂ ಕೇಳಿದೆ. ರಸ್ತೆಯ ಉಬ್ಬು 10 ಸೆಂ.ಮೀ. ಎತ್ತರ ಇರಬೇಕೆಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ. ನಮ್ಮ ಬೀದಿಯದು ಅದಕ್ಕಿಂತ ಎತ್ತರ ಇದೆ, ಚೂಪೂ ಆಗಿದೆ. ಅಂಥ ಬೀದಿಯಲ್ಲಿ ಒಂದು ಬೆರಳು ಇಳಿದರೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರೊಬ್ಬರು ಹೇಳಿದ ಇನ್ನೊಬ್ಬ ಮೇಸ್ತ್ರಿಯ ಹತ್ತಿರ ಹೋದೆವು. ವಯಸ್ಸಾದವರು. ಅವರು ಹೇಳಿದ ಒಂದು ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. “ಶಾಕಪ್ ಹೊಸದು ಹಾಕಿದ್ದೇವಲ್ಲ, ಮತ್ತೆ ಯಾಕೆ ಕೂತಿದೆ?” ಅಂತ ಭಾವ ಕೇಳಿದರು. ಮೇಸ್ತ್ರಿ ಅಂದರು: “ಶಾಕಪ್ ಹೊರೋದಲ್ಲ ಸಾರ್, ಹಿಡಿಯೋದು. ಹೊರೋದು ಸ್ಪ್ರಿಂಗು.”

ಹೊರುವುದು, ಹಿಡಿಯುವುದು. ಇದಕ್ಕಿಂತ ಸ್ಪಷ್ಟವಾಗಿ ಈ ವಿಷಯವನ್ನು ಯಾವ ಭಾಷೆಯಲ್ಲೂ ಯಾರೂ ನನಗೆ ಹೇಳಿರಲಿಲ್ಲ. ಗಾಡಿಯ ಭಾರ ಹೊತ್ತು ನಿಂತಿರುವುದು ಸ್ಪ್ರಿಂಗು. ಗುಂಡಿಯ ಹೊಡೆತವನ್ನು ಒಳಗೆ ತೆಗೆದುಕೊಳ್ಳುವುದೂ ಅದೇ. ಹೊಡೆತ ತಿಂದ ಸ್ಪ್ರಿಂಗು ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕಪ್ಪಿನ ಕೆಲಸ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಒಂದು ಪಿಸ್ಟನ್ನು, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ದಾರಿ. ಆ ದಾರಿಯಲ್ಲಿ ಎಣ್ಣೆ ತಿಣುಕಿಕೊಂಡು ಹಾಯುವಾಗ ಕುಣಿತದ ಬಲವೆಲ್ಲ ಶಾಖವಾಗಿ ಹೋಗುತ್ತದೆ. ಅಂದಮೇಲೆ ‘ಶಾಕ್ ಅಬ್ಸಾರ್ಬರ್’ ಎನ್ನುವ ಹೆಸರೇ ದಾರಿ ತಪ್ಪಿಸುವಂಥದ್ದು. ಅದನ್ನು ನಂಬಿಕೊಂಡು ನಾವು ‘ಆಘಾತ ಹೀರುಕ’ ಎಂದು ಕನ್ನಡ ಮಾಡಿದರೆ ತಪ್ಪನ್ನೇ ಭಾಷಾಂತರಿಸಿದ ಹಾಗೆ. ಹೀರುವುದು ಅದಲ್ಲ. ‘ಹಿಡಿಕ’ ಎಂದೋ ‘ಕುಲುಕುಹಿಡಿ’ ಎಂದೋ ಕಟ್ಟಬಹುದು, ಆದರೆ ‘ಶಾಕಪ್’ ಎನ್ನುವುದು ಕೊಪ್ಪಳದಿಂದ ಕೊಳ್ಳೇಗಾಲದವರೆಗೆ ನಡೆಯುವ ಪದ, ಬೈಕು ಸರಿಮಾಡುವ ಹುಡುಗನಿಂದ ಹಿಡಿದು ಬಸ್ ಡಿಪೋದವರವರೆಗೆ ಎಲ್ಲರದು. ಅದನ್ನು ಬಿಡುವ ಮನಸ್ಸು ನನಗಿಲ್ಲ. ಇಂಗ್ಲಿಷಿನ ‘ಶಾಕ್ ಅಬ್’ ಎಂಬ ತುಂಡು ಬಾಯಿಂದ ಬಾಯಿಗೆ ಹೋಗಿ ‘ಶಾಕಪ್’ ಆಗಿರಬೇಕು ಎಂಬುದು ನನ್ನ ಊಹೆ. ಇದರ ಬಗ್ಗೆ ಬಲ್ಲವರಿದ್ದರೆ ತಿಳಿಸಿ.

ಇನ್ನು ಸ್ಟ್ರಟ್, ಅಂದರೆ ಶಾಕಪ್ಪನ್ನು ಒಳಗಿಟ್ಟುಕೊಂಡು ಚಕ್ರವನ್ನೂ ನೆಟ್ಟಗೆ ನಿಲ್ಲಿಸುವ ಕಂಬ. ತೊಡಕು ಹೆಚ್ಚು ಇರುವುದು ಇಲ್ಲಿ. ಗ್ಯಾರೇಜಿನಲ್ಲಿ ಇದಕ್ಕೂ ಶಾಕಪ್ ಎಂದೇ ಹೇಳುತ್ತಾರೆ. ಅದಕ್ಕೊಂದು ಇತಿಹಾಸ ಇದೆ. ನಮ್ಮ ಮೇಸ್ತ್ರಿಗಳು ಕೈ ಪಳಗಿಸಿಕೊಂಡ ಅಂಬಾಸಡರ್‌ನಲ್ಲಿ ಸ್ಟ್ರಟ್ ಇರಲಿಲ್ಲ. ಅದರ ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ತಿರುಚು ಕಂಬಿ (ಟಾರ್ಷನ್ ಬಾರ್), ಹಿಂದೆ ಕಮಾನ್ ಪ್ಲೇಟು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ಮುಂದಿನ ಚಕ್ರಗಳಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ್ದು, 1950ರ ಹೊತ್ತಿಗೆ ಫೋರ್ಡ್ ಕಂಪನಿಯ ಇಂಗ್ಲೆಂಡಿನ ಕಾರುಗಳಲ್ಲಿ ಬಂದದ್ದು. ನೋಡುವುದಕ್ಕೆ ಅದು ಸ್ಪ್ರಿಂಗು ಸುತ್ತಿದ ದೊಡ್ಡ ಶಾಕಪ್. ಹಾಗಾಗಿ ಹಳೆಯ ಹೆಸರೇ ಹೊಸದಕ್ಕೂ ಅಂಟಿತು. ಆದರೆ ಕೆಲಸದಲ್ಲಿ ಅದು ಬರೀ ಶಾಕಪ್ ಅಲ್ಲ. ಅದರ ಬುಡ ಚಕ್ರದ ಗೆಣ್ಣಿಗೆ (ನಕಲ್) ಗಟ್ಟಿಯಾಗಿ ಬೋಲ್ಟು ಬಿಗಿದಿರುತ್ತದೆ, ತಲೆ ಕಾರಿನ ಮೈಗೆ ಕಚ್ಚಿರುತ್ತದೆ. ಚಕ್ರವನ್ನು ನೆಟ್ಟಗೆ ನಿಲ್ಲಿಸುವುದೇ ಅದು. ಅದನ್ನು ಬಿಚ್ಚಿ ಹಾಕಿದ ಮೇಲೆ ಅಲೈನ್‌ಮೆಂಟ್ (ಚಕ್ರದ ಕೋನ ಸರಿಪಡಿಸುವುದು) ಮಾಡಿಸಲೇಬೇಕು ಅನ್ನುವುದು ಇದಕ್ಕಾಗಿ. ಬರೀ ಶಾಕಪ್ ಬದಲಾಯಿಸಿದರೆ ಆ ಮಾತಿಲ್ಲ.

ಇಂಗ್ಲಿಷಿನಲ್ಲಿ ಸ್ಟ್ರಟ್ ಎನ್ನುವುದು ಮೊದಲು ಬಡಗಿಯ ಪದ, ಮಾಡಿನ ತೊಲೆಗೆ ಕೊಡುವ ಒತ್ತುಗಂಬ. ನಮ್ಮಲ್ಲಿ ಅದಕ್ಕೆ ಊರೆ ಇದೆ, ಊರುಗೋಲು ಇದೆ. ಗೊನೆ ಭಾರಕ್ಕೆ ಬಾಳೆ ವಾಲಿದಾಗ ಊರುವ ಕವೆಗೋಲು ಇದೆ. ಜರ್ಮನರು ಇನ್ನೊಂದು ದಾರಿ ಹಿಡಿದಿದ್ದಾರೆ. ಅವರು ಸ್ಟ್ರಟ್ಟಿಗೆ ‘ಫೆಡರ್‌ಬೈನ್’ ಅನ್ನುತ್ತಾರೆ. ಫೆಡರ್ ಅಂದರೆ ಸ್ಪ್ರಿಂಗು, ಬೈನ್ ಅಂದರೆ ಕಾಲು. ಭಾವನ ಕಾರಿನಲ್ಲಿ ಮುಂದಿನ ಸ್ಪ್ರಿಂಗು ಶಾಕಪ್ಪಿಗೆ ಸುತ್ತಿಕೊಂಡಿಲ್ಲ. ಅದು ಬೇರೆಯಾಗಿ ಲೋವರ್ ಆರ್ಮಿನ ಮೇಲೆ, ಅಂದರೆ ಚಕ್ರವನ್ನು ಕೆಳಗಡೆ ಗಾಡಿಗೆ ಜೋಡಿಸುವ ತೋಳಿನ ಮೇಲೆ ನಿಂತಿದೆ. ಆದ್ದರಿಂದ ಇದನ್ನು ಜರ್ಮನರು ಫೆಡರ್‌ಬೈನ್ ಅನ್ನುವುದಿಲ್ಲ, ‘ಡೆಂಪ್‌ಫರ್‌ಬೈನ್’ ಅನ್ನುತ್ತಾರೆ, ಅಂದರೆ ಕುಲುಕನ್ನು ಹಿಡಿಯುವ ಕಾಲು. ಮೇಸ್ತ್ರಿಯವರ ಹೊರುವುದು ಹಿಡಿಯುವುದು ಎರಡೂ ಅಲ್ಲೇ ಬೇರೆ ಬೇರೆ ಪದಗಳಾಗಿ ಕೂತಿವೆ! ಇದನ್ನು ನೋಡಿದ ಮೇಲೆ ನನಗೆ ‘ಹೊರೆಗಾಲು’, ‘ಹಿಡಿಗಾಲು’ ಎಂಬ ಜೋಡಿ ಹೊಳೆಯಿತು. ಮುಂಗಾಲು, ಮರಗಾಲು ಎಂದು ಕಟ್ಟಿದ ಹಾಗೇ ಕಟ್ಟಿದ್ದು. ಸ್ಪ್ರಿಂಗೂ ಇರುವ ಮ್ಯಾಕ್‌ಫರ್ಸನ್ ಮಾದರಿಗೆ ಹೊರೆಗಾಲು, ಈ ಮರ್ಸಿಡಿಸ್ ಮಾದರಿಗೆ ಹಿಡಿಗಾಲು. ಊರೆಯ ಬದಲು ಕಾಲನ್ನು ಆರಿಸಿಕೊಂಡದ್ದಕ್ಕೆ ಕಾರಣ, ಊರೆ ಅಲುಗುವುದಿಲ್ಲ, ಕಾಲು ಮಡಿಯುತ್ತದೆ, ಚಾಚುತ್ತದೆ. ಒಪ್ಪಿಗೆಯೋ ಇಲ್ಲವೋ ಬಿಚ್ಚು ಮನಸ್ಸಿನಿಂದ ಹೇಳಿ.

ಅಂದು ಗ್ಯಾರೇಜಿನಲ್ಲಿ ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ಆ ಹಿಡಿಗಾಲನ್ನು ಬಿಚ್ಚುವ ಮೊದಲು ಮೇಸ್ತ್ರಿ ಲೋವರ್ ಆರ್ಮಿನ ಕೆಳಗೆ ಜಾಕ್ ಕೊಟ್ಟರು. ಕೊಡದಿದ್ದರೆ ಒಳಗೆ ಅಮುಕಿಕೊಂಡಿರುವ ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ಒದೆಯುತ್ತದೆ, ಕೈ ಹೋಗುತ್ತದೆ. ಈ ಕಾರಿನಲ್ಲಿ ಆರ್ಮು ಕೆಳಗೆ ಜಾರದ ಹಾಗೆ ತಡೆದಿರುವುದೂ ಅದೇ ಹಿಡಿಗಾಲು. ‘ಹಿಡಿಯೋದು’ ಎಂಬ ಮಾತು ಅಲ್ಲಿ ಅಕ್ಷರಶಃ ನಿಜ. ಆಮೇಲೆ ಸ್ಪ್ರಿಂಗಿಗೆ ಒಳಗಿನಿಂದ ಬಿಗಿಯುವ ಕಂಪ್ರೆಸರ್ ಹಾಕಿ, ಅಮುಕಿ, ಹೊರತೆಗೆದರು. ಸ್ಪ್ರಿಂಗಿನ ನೆತ್ತಿಯಲ್ಲಿ ಒಂದು ರಬ್ಬರ್ ಬಳೆ. ಅದರ ಅಂಚನ್ನು ಹೆಬ್ಬೆರಳಿನಿಂದ ಒರೆಸಿ ನನಗೆ ತೋರಿಸಿದರು. ಅಲ್ಲಿ ಒಂದೇ ಒಂದು ಸಣ್ಣ ಗುಬಟು. “ಒಂದು ಚುಕ್ಕಿ ರಬ್ಬರ್ ಹಾಕಿಬಿಟ್ಟಿದ್ದಾರೆ ಸಾರ್. ನಿಮ್ಮದು ಮೂರು ಚುಕ್ಕಿದು ಇದ್ದಿದ್ದು.” ಈ ರಬ್ಬರ್ ನಾಲ್ಕು ದಪ್ಪದಲ್ಲಿ ಬರುತ್ತದೆ. ಒಂದು ಚುಕ್ಕಿ 8 ಮಿ.ಮೀ., ಎರಡು ಚುಕ್ಕಿ 13, ಮೂರು 18, ನಾಲ್ಕು 23. ಸ್ಪ್ರಿಂಗು ಆರ್ಮಿನ ಮೇಲೆ ಚಕ್ರದಿಂದ ದೂರ, ಗಾಡಿಯ ಮಧ್ಯದ ಕಡೆಗೆ ನಿಂತಿರುವುದರಿಂದ ರಬ್ಬರ್ 10 ಮಿ.ಮೀ. ತೆಳುವಾದರೆ ಗಾಡಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಮೊದಲ ಗ್ಯಾರೇಜಿನವರು ಕೇಳಿಸಿಕೊಂಡಂತೆ ನಿಷ್ಠೆಯಿಂದ ಕೆಲಸ ಮಾಡಿದ್ದರು. ಕೆಟ್ಟದ್ದು ಪದದಿಂದ. (ಈ ಗುಬಟಿಗೆ ‘ಚುಕ್ಕಿ’ ಅನ್ನುವುದು ನನಗೆ ತುಂಬ ಹಿಡಿಸಿತು. ಕೈಪಿಡಿಯಲ್ಲಿ ಹಾಗೇ ಬರೆಯುತ್ತೇನೆ.)

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ‘ಕೂತಿದೆ’ ಎನ್ನುವುದು ತಾನಾಗಿ ಆದದ್ದು: ಸ್ಪ್ರಿಂಗು ಸೋತು, ರಬ್ಬರ್ ಒಣಗಿ ಎತ್ತರ ಕಳೆದುಕೊಂಡದ್ದು. ಗೋಡೆ ಕೂತಿದೆ, ಅಡಿಪಾಯ ಕೂತಿದೆ ಎಂದ ಹಾಗೆ. ಇದರಲ್ಲಿ ಗೊಂದಲವಿಲ್ಲ. ಬೇಕೆಂದೇ ಎತ್ತರ ಕಡಿಮೆ ಮಾಡಿಸುವುದಕ್ಕೆ ಮಾತ್ರ ಮೂರು ನಾಲ್ಕು ಪದ ಓಡಾಡುತ್ತಿವೆ: ಕೂರಿಸು, ಇಳಿಸು, ಲೋ ಮಾಡಿಸು, ತಗ್ಗಿಸು. ‘ಇಳಿಸು’ ಅಂದರೆ ಲಾರಿಯವರಿಗೆ ಲೋಡು ಇಳಿಸುವುದು, ಗ್ಯಾರೇಜಿನಲ್ಲಿ ಎಂಜಿನ್ ಇಳಿಸುವುದು. ‘ಕೂರಿಸು’ ನಮಗೆ ಮಾಡಿದ್ದನ್ನು ಹೇಳಿದ್ದೇನೆ. ನನ್ನ ಒಲವು ‘ತಗ್ಗಿಸು’ ಕಡೆಗೆ. ತಲೆ ತಗ್ಗಿಸು, ದನಿ ತಗ್ಗಿಸು ಅನ್ನುವಾಗ ಅಲ್ಲಿ ಒಬ್ಬರ ಇಚ್ಛೆ ಇರುತ್ತದೆ, ಬೇಕಾದರೆ ಮತ್ತೆ ಎತ್ತಬಹುದು ಎಂಬ ಭಾವವೂ ಇರುತ್ತದೆ. ‘ತಗ್ಗಿಸಿದ ಗಾಡಿ’, ‘ಕೂತ ಗಾಡಿ’ ಎರಡೂ ಅಕ್ಕಪಕ್ಕ ಇಟ್ಟು ಓದಿ ನೋಡಿ, ಒಂದಕ್ಕೊಂದು ಬೆರೆಯುವುದಿಲ್ಲ.

ತಗ್ಗಿಸುವವರಲ್ಲೂ ಮೂರು ಬಗೆ ಇದೆ, ಅದಕ್ಕೂ ಪದ ಬೇಕು. ಗಿಡ್ಡ ಸ್ಪ್ರಿಂಗು ತರಿಸಿ, ಅದಕ್ಕೆ ಹೊಂದುವ ಶಾಕಪ್ ಜೊತೆಗೆ ಹಾಕಿಸುವವರು ಒಂದು. ಇದ್ದ ಸ್ಪ್ರಿಂಗನ್ನೇ ‘ಒಂದು ಸುತ್ತು ಕಟ್ ಮಾಡಿ’ ಅನ್ನುವವರು ಇನ್ನೊಂದು. ಸ್ಪ್ರಿಂಗನ್ನು ಗ್ಯಾಸಿನ ಬೆಂಕಿಯಲ್ಲಿ ಕಾಯಿಸಿ ತಗ್ಗಿಸುವವರು ಮೂರನೆಯವರು. ಕತ್ತರಿಸಿದರೆ ಸುತ್ತು ಕಡಿಮೆಯಾಗಿ ಸ್ಪ್ರಿಂಗು ಬಿರುಸಾಗುತ್ತದೆ, ಗಾಡಿ ಎತ್ತಿ ಹಾಕುತ್ತದೆ. ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ‘ಹದ’ ಎನ್ನುವುದು ಕಮ್ಮಾರರ ಪದ, ಇಲ್ಲಿ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಹೇಗೆ ತಗ್ಗಿಸಿದರೂ ಹಳೆಯ ಸೋತ ಶಾಕಪ್ಪನ್ನು ಹಾಗೇ ಬಿಟ್ಟರೆ ಅದು ಪೂರ್ತಿ ಕುಗ್ಗಿದಾಗ ತಡೆಯುವ ತುದಿಯ ರಬ್ಬರಿಗೆ ಬಡಿದು ಬಡಿದು ಬೇಗ ಸಾಯುತ್ತದೆ. ಭಾವನ ಮಗನಿಗೆ ಗಾಡಿ ತಗ್ಗಿಸಬೇಕೆಂಬ ಆಸೆ ಇನ್ನೂ ಇದೆ, ಅವನಿಗೆ ಇದನ್ನು ಬಿಡಿಸಿ ಹೇಳಿದ್ದೇನೆ.

ಸ್ಪ್ರಿಂಗು, ಶಾಕಪ್, ಆರ್ಮು ಎಲ್ಲ ಸೇರಿದ ಏರ್ಪಾಟಾದ ‘ಸಸ್ಪೆನ್ಶನ್’ ಬಗ್ಗೆ ಒಂದೇ ಮಾತು. ಯಂತ್ರಾನುವಾದದಲ್ಲಿ ‘ಮುಂಭಾಗದ ಅಮಾನತು’ ಎಂದು ಬರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ‘ತೂಗುವ್ಯವಸ್ಥೆ’ಯೂ ನನಗೆ ಒಗ್ಗಲಿಲ್ಲ. ಹಿಂದೆ ಯುರೋಪಿನ ಕುದುರೆ ಸಾರೋಟುಗಳ ಮೈಯನ್ನು ತೊಗಲಿನ ಪಟ್ಟಿಗಳಲ್ಲಿ ತೂಗುಹಾಕುತ್ತಿದ್ದರು, ಆಗ ಆ ಹೆಸರು ನಿಜವಾಗಿತ್ತು. ಈಗಿನ ಕಾರು ತೂಗುತ್ತಿಲ್ಲ, ಸ್ಪ್ರಿಂಗಿನ ಮೇಲೆ ನಿಂತಿದೆ. ಒಳ್ಳೆಯ ಪದ ಸಿಗುವ ತನಕ ಸಸ್ಪೆನ್ಶನ್ ಎಂದೇ ಬರೆಯುತ್ತೇನೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆಯವರು ನಿಮ್ಮ ಮೇಸ್ತ್ರಿಗಳು ಕೂತದ್ದಕ್ಕೆ, ತಗ್ಗಿಸಿದ್ದಕ್ಕೆ ಏನೆನ್ನುತ್ತಾರೆ ಎಂದು ಕೇಳಿ ಬರೆಯಿರಿ. ಮೈಸೂರಿನವರು ಜಟಕಾ ಗಾಡಿ ಕಟ್ಟುವವರನ್ನು ಬಲ್ಲವರಿದ್ದರೆ ಅದರ ಕಮಾನಿನ ಬಿಡಿಬಿಡಿ ಭಾಗಗಳ ಹೆಸರು ಕೇಳಿ. ಕಾರಿಗಿಂತ ಮುಂಚಿನ ಪದಗಳು ಅಲ್ಲಿ ಉಳಿದಿರಬಹುದು.

ಮುಂದಿನ ವಾರ ಹಿಂದಿನ ಚಕ್ರಗಳ ಕೆಲಸ. ಈ ಸಲ ಫೋನಿನಲ್ಲಿ ಹೇಳದೆ ಒಂದು ಚೀಟಿ ಬರೆದಿಟ್ಟಿದ್ದೇನೆ: ‘ಹಿಂದಿನ ಶಾಕಪ್ ಎರಡೂ ಹೊಸದು. ಸ್ಪ್ರಿಂಗು ಇದ್ದದ್ದೇ ಇರಲಿ. ರಬ್ಬರಿನ ಚುಕ್ಕಿ ಎಣಿಸಿ, ಅಷ್ಟೇ ಚುಕ್ಕಿಯದು ಹಾಕಿ. ಎತ್ತರ ತಗ್ಗಿಸುವುದು ಬೇಡ.’ ಇದರಲ್ಲಿ ಯಾವುದಾದರೂ ಪದ ನಿಮ್ಮ ಊರಿನಲ್ಲಿ ಬೇರೆ ಅರ್ಥ ಕೊಡುತ್ತದೆಯೇ? ಸೋಮವಾರದ ಒಳಗೆ ತಿಳಿಸಿದರೆ ಚೀಟಿ ತಿದ್ದಿ ಕೊಡುತ್ತೇನೆ.